ಚಾರ್ಟ್ ಯಾರ ಕೈಯಲ್ಲಿದೆ?

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ ಅಂತ ಗೊತ್ತಾದರೆ ಸಾಕು, ಮದುವೆ ಮನೆಯ ಪಂಕ್ತಿಯಲ್ಲೂ ಯಾರಾದರೊಬ್ಬರು ಬಂದು ಪಕ್ಕದಲ್ಲಿ ಕೂರುತ್ತಾರೆ. "ಒಂದು ಐಡಿಯಾ ಇದೆ ಸರ್, ಆಪ್ ಮಾಡ್ಬೇಕು." ಕೆಲವು ನಿಜಕ್ಕೂ ಒಳ್ಳೆಯ ಐಡಿಯಾಗಳೇ. ಮದುವೆಗೆ ಅಡುಗೆಯವರನ್ನು ಗೊತ್ತುಮಾಡುವ ಆಪ್, ಪಿಜಿ ಹುಡುಕುವ ಆಪ್. ಈಚೆಗೆ ತೀರ್ಥಹಳ್ಳಿ ಕಡೆಯ ಹುಡುಗನೊಬ್ಬ ಅಡಿಕೆ ತೋಟದವರಿಗೆ ಕೊನೆಗಾರರನ್ನು, ಅಂದರೆ ಮರ ಹತ್ತಿ ಅಡಿಕೆ ಕೊಯ್ಯುವವರನ್ನು, ಹುಡುಕಿಕೊಡುವ ಆಪ್ ಬಗ್ಗೆ ಹೇಳಿದ. ತೋಟದವರ ಕಷ್ಟವನ್ನು ಚೆನ್ನಾಗಿಯೇ ವಿವರಿಸಿದ, ಅವನ ಮನೆಯದ್ದೇ ಕಷ್ಟ ಅದು. ಕೊನೆಗಾರ ಯಾಕೆ ಈ ಆಪ್ ಹಾಕಿಕೊಳ್ಳಬೇಕು ಅಂತ ಕೇಳಿದೆ. "ಅವ್ರಿಗೂ ಕೆಲ್ಸ ಸಿಗುತ್ತಲ್ವಾ ಸರ್" ಅಂದ. ಕೊನೆಗಾರನಿಗೆ ಕೆಲಸ ಸಿಗದೆ ಯಾವತ್ತು ಕಷ್ಟವಾಗಿದೆ? ಕೊಯ್ಲಿನ ಕಾಲದಲ್ಲಿ ಅವನ ಹಿಂದೆ ಊರಿನ ತೋಟದವರೆಲ್ಲ ಓಡಾಡುತ್ತಿರುತ್ತಾರೆ. ಅವನಿಗಿರುವ ಕಷ್ಟವೇ ಬೇರೆ. ಅದೇನು ಅಂತ ಹುಡುಗನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಅಷ್ಟರಲ್ಲಿ ಪಾಯಸ ಬಂತು.

ಇದು ನನ್ನನ್ನು ಬಹಳ ದಿನದಿಂದ ಕೊರೆಯುತ್ತಿದೆ. ಎರಡು ಕಡೆಯವರನ್ನು ಸೇರಿಸುವ ಪ್ರಾಡಕ್ಟ್ ಯಾವುದೇ ಇರಲಿ, ನಾವು ಯೋಚನೆ ಶುರು ಮಾಡುವುದು "ಬೇಕು" ಅನ್ನುವವರ ಕಡೆಯಿಂದ. ಯಾಕಂದರೆ ನಾವೇ ಆ ಕಡೆಯವರು. ಬಸ್ಸು ಸಿಗದೆ ಒದ್ದಾಡಿದವರು, ಆಟೊದವರ ಜೊತೆ ಜಗಳ ಆಡಿದವರು, ಬಾಡಿಗೆ ಮನೆಗೆ ಬ್ರೋಕರ್ ಹಿಂದೆ ಅಲೆದವರು. ಸಿಟ್ಟಿನಿಂದ ಐಡಿಯಾ ಹುಟ್ಟುತ್ತದೆ, ಅದು ಸರಿಯೇ. ಆದರೆ ಆ ಪ್ರಾಡಕ್ಟ್ ಬೆಳೆಯುತ್ತದೋ ಇಲ್ಲವೋ ಅನ್ನುವುದು ಆಚೆ ಕಡೆ ಕೂತವರ ಕೈಯಲ್ಲಿರುತ್ತದೆ. ಸೀಟು ಇಟ್ಟುಕೊಂಡವರು, ಆಟೊ ಓಡಿಸುವವರು, ಮರ ಹತ್ತಬಲ್ಲವರು. ಅವರಿಗೆ ದಿನದಲ್ಲಿ ಯಾವ ಕೆಲಸ ತಲೆನೋವು, ಯಾವುದನ್ನು ಬಿಟ್ಟುಕೊಡುವುದಕ್ಕೆ ಸುತರಾಂ ಇಷ್ಟವಿಲ್ಲ, ಇದು ಗೊತ್ತಿಲ್ಲದೆ ಎಷ್ಟು ಚಂದದ ಸ್ಕ್ರೀನ್ ಮಾಡಿದರೂ ಅಷ್ಟೇ.

ಆನಂದರಾವ್ ಸರ್ಕಲ್‌ನ ಸೀಟುಗಳು

ಆನ್‌ಲೈನಿನಲ್ಲಿ ಬಸ್ ಟಿಕೆಟ್ ಮಾರುವ ರೆಡ್‌ಬಸ್ ಹುಟ್ಟಿದ ಕತೆ ನಿಮಗೆ ಗೊತ್ತೇ ಇರುತ್ತದೆ. 2005ರ ದೀಪಾವಳಿ. ಬೆಂಗಳೂರಿನ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನಲ್ಲಿದ್ದ ಫಣೀಂದ್ರ ಸಾಮಾ ಅವರಿಗೆ ಹೈದರಾಬಾದ್ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಬಿಟ್ಸ್ ಪಿಲಾನಿಯಲ್ಲಿ ಜೊತೆಗೆ ಓದಿದ್ದ ಸುಧಾಕರ್ ಪಸುಪುನೂರಿ, ಚರಣ್ ಪದ್ಮರಾಜು ಜೊತೆ ಸೇರಿ 2006ರ ಆಗಸ್ಟ್‌ನಲ್ಲಿ ರೆಡ್‌ಬಸ್ ಶುರು ಮಾಡಿದರು. ಓದಿದ ಊರಿನ ಪ್ರೀತಿಗೆ ಕಂಪನಿಯ ಹೆಸರನ್ನೇ ಪಿಲಾನಿ ಸಾಫ್ಟ್ ಲ್ಯಾಬ್ಸ್ ಅಂತ ಇಟ್ಟಿದ್ದರು. 2013ರಲ್ಲಿ ಐಬಿಬೋ ಗ್ರೂಪ್ ಅದನ್ನು ಕೊಂಡುಕೊಂಡಿತು. ಸ್ಟಾರ್ಟಪ್ ಮೀಟಿಂಗುಗಳಲ್ಲಿ ಕತೆ ಇಷ್ಟಕ್ಕೇ ಮುಗಿಯುತ್ತದೆ. ಹಬ್ಬ, ಕಷ್ಟ, ಐಡಿಯಾ, ದುಡ್ಡು. ನನಗೆ ಇದರಲ್ಲಿ ಆಸಕ್ತಿ ಇರುವುದು ಮಧ್ಯದ ವರ್ಷಗಳ ಬಗ್ಗೆ.

ಹಬ್ಬದ ಹಿಂದಿನ ಸಂಜೆ ಆಗಿನ ಕಾಲದಲ್ಲಿ ಆನಂದರಾವ್ ಸರ್ಕಲ್‌ನಲ್ಲಿ ಅಲೆದವರಿಗೆ ಅಲ್ಲಿನ ವ್ಯವಹಾರ ನೆನಪಿರಬಹುದು. ಸಾಲಾಗಿ ಟ್ರಾವೆಲ್ಸ್ ಅಂಗಡಿಗಳು. ಒಂದೊಂದರ ಮುಂದೆಯೂ "ಹುಬ್ಳಿ, ಧಾರ್ವಾಡ, ಬೆಳ್ಗಾಂ" ಅಂತ ಕೂಗುವ ಹುಡುಗ. ಒಳಗೆ ಒಂದು ಮೇಜು, ಎರಡು ಫೋನು, ಕುರ್ಚಿಯಲ್ಲಿ ಒಬ್ಬ ಏಜೆಂಟ್. ನಾನು ಹುಬ್ಬಳ್ಳಿಗೆ ಒಂದು ಸೀಟು ಕೇಳಿದೆ. ಆತ ಫೋನ್ ಎತ್ತಿ ಬಸ್ಸಿನವರ ಆಫೀಸಿಗೆ ಹಚ್ಚಿದ. ಎಂಗೇಜ್. ಮತ್ತೆ ಹಚ್ಚಿದ. "ಇರಿ ಸರ್, ಲೈನ್ ಸಿಗ್ತಿಲ್ಲ." ನನ್ನ ಹಿಂದೆ ಇನ್ನೂ ಐದಾರು ಜನ, ಅವರಲ್ಲೊಬ್ಬರು ಹೆಂಗಸು. ಅವರಿಗೆ ಪಕ್ಕದ ಸೀಟಿನಲ್ಲೂ ಹೆಂಗಸರೇ ಬೇಕಿತ್ತು. ಅದನ್ನು ತಿಳಿಯುವುದಕ್ಕೂ ಅದೇ ಫೋನು. ಕೊನೆಗೂ ಲೈನ್ ಸಿಕ್ಕಿತು. ಆಚೆಯವರು ಏನೋ ಹೇಳಿದರು. ಏಜೆಂಟ್ ನನ್ನ ಮುಖ ನೋಡಿ, "ಲಾಸ್ಟ್ ರೋ ಇದೆ, ಕೂರ್ತೀರಾ?" ಅಂದ. ಕೂರದೆ ಏನು ಮಾಡುವುದು? ಬಾಲ್‌ಪೆನ್ನಿನಲ್ಲಿ ಸೀಟ್ ನಂಬರ್ ಗೀಚಿ ಚೀಟಿ ಕೊಟ್ಟ. ವಾಪಸ್ ಬರುವ ಟಿಕೆಟ್ ಕೇಳಿದ್ದಕ್ಕೆ ನಕ್ಕುಬಿಟ್ಟ. ಯಾವ ಸೀಟು ಯಾರಿಗೆ ಅಂತ ಬರೆದಿಡುವ ಅದರ ಚಾರ್ಟ್ ಹುಬ್ಬಳ್ಳಿಯಲ್ಲಿ ಇರುತ್ತದೆ, ಅಲ್ಲಿ ಹೋಗಿಯೇ ತಗೊಳ್ಳಬೇಕು. ರಾತ್ರಿ ಬಸ್ಸು ತುಮಕೂರು ದಾಟುವಾಗ ಹಿಂದೆ ಮುಂದೆ ತಿರುಗಿ ನೋಡಿದೆ. ಮಧ್ಯದಲ್ಲಿ ಸೀಟುಗಳು ಖಾಲಿ ಇದ್ದವು!

ಆ ಖಾಲಿ ಸೀಟುಗಳು ಹೇಗೆ ಉಳಿದವು ಅನ್ನುವುದು ಆಮೇಲೆ ಅರ್ಥವಾಯಿತು. ಬಸ್ ಮಾಲೀಕರು ಊರಿನ ಬೇರೆ ಬೇರೆ ಏಜೆಂಟರಿಗೆ ಕೆಲವು ಸೀಟುಗಳನ್ನು ಕೋಟಾ ಅಂತ ಹಂಚಿರುತ್ತಿದ್ದರು. ಮಡಿವಾಳದವನಿಗೆ ಇಷ್ಟು, ಕಲಾಸಿಪಾಳ್ಯದವನಿಗೆ ಇಷ್ಟು. ಸಂಜೆ ಆದ ಮೇಲೆ ಯಾರ ಹತ್ತಿರ ಎಷ್ಟು ಮಾರಾಟವಾಗಿದೆ ಅಂತ ಫೋನಿನಲ್ಲಿ ಕೇಳಿ ಬರೆದುಕೊಳ್ಳಬೇಕು. ಮಡಿವಾಳದ ಏಜೆಂಟ್ ಮಾರದ ಸೀಟು ಅವನ ಹತ್ತಿರವೇ ಉಳಿಯುತ್ತದೆ. ಇತ್ತ ಆನಂದರಾವ್ ಸರ್ಕಲ್‌ನಲ್ಲಿ "ಫುಲ್" ಅಂತ ಜನರನ್ನು ವಾಪಸ್ ಕಳಿಸುತ್ತಾರೆ. ಬಸ್ಸು ಹೊರಟ ಮೇಲೆ ಖಾಲಿ ಸೀಟಿಗೆ ಬೆಲೆ ಇಲ್ಲ. ಸರ್ಕಾರಿ ಬಸ್ಸುಗಳಿಗೆ ಕೆಎಸ್‌ಆರ್‌ಟಿಸಿಯ ‘ಅವತಾರ್’ ಅನ್ನುವ ಬುಕಿಂಗ್ ವ್ಯವಸ್ಥೆ ಇತ್ತು, ಒಬ್ಬರೇ ಮಾಲೀಕರಾದ್ದರಿಂದ ಅಲ್ಲಿ ಚಾರ್ಟೂ ಒಂದೇ. ಖಾಸಗಿಯಲ್ಲಿ ಬಸ್ಸು ಇದ್ದಷ್ಟು ಪುಸ್ತಕ, ಪುಸ್ತಕ ಇದ್ದಷ್ಟು ಯಜಮಾನರು.

ರೆಡ್‌ಬಸ್‌ನ ಮೂವರಿಗೆ ಮೊದಲು ಹೊಳೆದಿದ್ದು ಸಹಜವಾದ ದಾರಿ. ಒಂದು ಸಾಫ್ಟ್‌ವೇರ್ ಬರೆದು ಬಸ್ ಮಾಲೀಕರಿಗೆ ಪುಕ್ಕಟೆ ಕೊಟ್ಟುಬಿಡುವುದು. ಮಾಲೀಕರು ಆಸಕ್ತಿ ತೋರಿಸಲಿಲ್ಲ. ಪುಕ್ಕಟೆ ಕೊಟ್ಟರೂ ಬೇಡ ಅಂದರಲ್ಲ ಅಂತ ಆ ಕತೆ ಕೇಳಿದ ಎಂಜಿನಿಯರುಗಳು ಈಗಲೂ ಆಶ್ಚರ್ಯಪಡುತ್ತಾರೆ. ಮಾಲೀಕರ ಕುರ್ಚಿಯಲ್ಲಿ ಕೂತು ನೋಡಿ. ಆಫೀಸಿನಲ್ಲಿರುವುದು ಒಂದು ರೂಲು ಹಾಕಿದ ಪುಸ್ತಕ ಮತ್ತು ಅದನ್ನು ಇಪ್ಪತ್ತು ವರ್ಷದಿಂದ ತುಂಬುತ್ತಿರುವ ಒಬ್ಬ ಮನುಷ್ಯ. ಯಾವ ಏಜೆಂಟ್ ದುಡ್ಡು ತಡ ಮಾಡುತ್ತಾನೆ ಅಂತ ಅವನಿಗೆ ಗೊತ್ತು. ಕೊನೆ ಗಳಿಗೆಯಲ್ಲಿ ಪರಿಚಯದವರು ಫೋನ್ ಮಾಡಿದರೆ ಕೊಡಲು ಎರಡು ಸೀಟು ಪಕ್ಕಕ್ಕಿಟ್ಟಿರುತ್ತಾನೆ. ಆ ಚಾರ್ಟ್ ಇರುವುದರಿಂದಲೇ ಏಜೆಂಟರು ಮಾಲೀಕರ ಮಾತು ಕೇಳುತ್ತಾರೆ. ಕೆಲಸ ಬಿಟ್ಟು ಬಂದ ಮೂವರು ಹುಡುಗರು ಅದನ್ನು ಕಂಪ್ಯೂಟರಿಗೆ ಹಾಕಿ ಅಂದರೆ ಯಾರು ಹಾಕುತ್ತಾರೆ? ನಾಳೆ ಇವರು ಇರುತ್ತಾರೋ ಇಲ್ಲವೋ.

ಆಮೇಲೆ ಅವರು ಮಾಡಿದ್ದು ನನಗೆ ಬಹಳ ಇಷ್ಟ. ತಾವೇ ಏಜೆಂಟರಾದರು. ಎಲ್ಲ ಏಜೆಂಟರಂತೆ ಮಾಲೀಕರಿಂದ ಕೆಲವು ಸೀಟು ಕೋಟಾ ಪಡೆದು, ತಮ್ಮ ವೆಬ್‌ಸೈಟಿನಲ್ಲಿ ಮಾರತೊಡಗಿದರು. ಫೋನಿನಲ್ಲೂ ಬುಕಿಂಗ್ ಇತ್ತು, ಟಿಕೆಟನ್ನು ಮನೆಗೆ ತಲುಪಿಸುವ ವ್ಯವಸ್ಥೆಯೂ ಇತ್ತು. ಮಾಲೀಕರ ಪುಸ್ತಕವನ್ನು ಮುಟ್ಟಲಿಲ್ಲ, ಅವರ ಸಂಜೆಯ ಪದ್ಧತಿಯನ್ನು ಬದಲಾಯಿಸಲಿಲ್ಲ. ಮಾಲೀಕರ ಕಣ್ಣಿಗೆ ಇವರು ಇನ್ನೊಬ್ಬ ಏಜೆಂಟ್ ಅಷ್ಟೇ, ಅಂಗಡಿ ಮಾತ್ರ ಬೇರೆ ಥರ. ಈಗಿನ ಭಾಷೆಯಲ್ಲಿ ಹೇಳುವುದಾದರೆ ಇದು ‘ಸ್ಕೇಲ್’ ಆಗದ, ಅಂದರೆ ಬೇಗ ದೊಡ್ಡದಾಗಿ ಬೆಳೆಸಲಾಗದ ಕೆಲಸ. ಹೂಡಿಕೆದಾರರ ಮುಂದೆ ಸ್ಲೈಡ್ ಹಾಕಿ ತೋರಿಸುವಂಥದ್ದಲ್ಲ. ಆದರೂ ಅವರಿಗೆ 2007ರಲ್ಲಿ ಸೀಡ್‌ಫಂಡ್ ಅನ್ನುವ ಹೂಡಿಕೆ ಸಂಸ್ಥೆಯಿಂದ ಹಣ ಬಂತು. ಅದಕ್ಕೂ ಮೊದಲು ಉದ್ಯಮಿಗಳ ಕೂಟವಾದ ಟೈ ಸಂಸ್ಥೆಯ ಬೆಂಗಳೂರು ಶಾಖೆಯವರು ಅವರನ್ನು ಆರಿಸಿಕೊಂಡು ಮಾರ್ಗದರ್ಶನ ಕೊಟ್ಟಿದ್ದರು.

ಮಾಲೀಕರ ಪುಸ್ತಕಕ್ಕೆ ಕೈಹಾಕಿದ್ದು ಇದೆಲ್ಲ ಆದ ಮೇಲೆ. ಬಸ್ ಮಾಲೀಕರಿಗೆಂದೇ ಒಂದು ಸಾಫ್ಟ್‌ವೇರ್ ಮಾಡಿದರು, ಅದಕ್ಕೆ ‘ಬಾಸ್’ ಅಂತ ಹೆಸರು. (ಮಾಲೀಕರಿಗೆ ಹಿಡಿಸುವ ಹೆಸರೇ.) ಅಷ್ಟು ಹೊತ್ತಿಗೆ ಮಾಲೀಕರಿಗೆ ಇವರ ಮೇಲೆ ನಂಬಿಕೆ ಬಂದಿತ್ತು, ಯಾಕಂದರೆ ಇವರು ಸೀಟು ಮಾರಿ ಸರಿಯಾಗಿ ದುಡ್ಡು ತಲುಪಿಸಿದ್ದರು. ಜೊತೆಗೆ ಏಜೆಂಟರಿಗೆ ‘ಸೀಟ್‌ಸೆಲ್ಲರ್’ ಅಂತ ಇನ್ನೊಂದು. ಏಜೆಂಟರನ್ನು ಓಡಿಸಲೆಂದೇ ಹುಟ್ಟಿದ ಕಂಪನಿ ಅಂತ ನಾವೆಲ್ಲ ಅಂದುಕೊಂಡಿದ್ದೆವು. ಅವರು ಏಜೆಂಟನ ಮೇಜಿಗೇ ಪೂರ್ತಿ ಚಾರ್ಟ್ ತಂದಿಟ್ಟರು. ಫೋನ್ ಎಂಗೇಜ್ ಇದ್ದರೆ ಅವನಿಗೂ ಗಿರಾಕಿ ತಪ್ಪುತ್ತಿದ್ದ, ಅದು ಅವನ ಕಷ್ಟವೂ ಆಗಿತ್ತು. ಈಗಲೂ ಚಿಕ್ಕ ಊರುಗಳಲ್ಲಿ ಬಸ್ ಟಿಕೆಟ್ ಮಾರುವ ಅಂಗಡಿಗಳಿವೆ. ಅಪ್ಪ ಅಮ್ಮ ಅಲ್ಲೇ ಹೋಗಿ ಕೇಳುತ್ತಾರೆ. ಏಜೆಂಟ್ ಸ್ಕ್ರೀನ್ ತಿರುಗಿಸಿ ತೋರಿಸುತ್ತಾನೆ.

ದಾವಣಗೆರೆಯ ಒಂದು ಸಂಜೆ

ಇದೆಲ್ಲ ಕೇಳಿದ ಕತೆ, ಓದಿದ ಕತೆ. ಕಣ್ಣಾರೆ ನೋಡಿದ್ದು 2018ರಲ್ಲಿ. ಆ ವರ್ಷ ಏಪ್ರಿಲ್ 1ರಿಂದ ಇ-ವೇ ಬಿಲ್ ಬಂತು. ರಾಜ್ಯದ ಒಳಗೆ ಸಾಗಿಸುವ ಸರಕಿಗೂ ಅದನ್ನು ಮೊದಲು ಜಾರಿಗೆ ತಂದಿದ್ದು ಕರ್ನಾಟಕವೇ. ಐವತ್ತು ಸಾವಿರಕ್ಕಿಂತ ಜಾಸ್ತಿ ಬೆಲೆಯ ಸರಕು ಲಾರಿ ಹತ್ತಬೇಕಾದರೆ ಆನ್‌ಲೈನ್ ಬಿಲ್ ಬೇಕು. ಪಾರ್ಸೆಲ್ ಬುಕಿಂಗ್ ಆಫೀಸುಗಳಿಗೆ ಕಂಪ್ಯೂಟರ್ ಬರಲೇಬೇಕಾಯಿತು. ನಾನು ಆಗ ಇದ್ದ ಚಿಕ್ಕ ಕಂಪನಿ, ಇದೇ ಸಮಯ ಅಂತ, ಅವರಿಗೊಂದು ಸಾಫ್ಟ್‌ವೇರ್ ಮಾಡುವ ಯೋಚನೆಯಲ್ಲಿತ್ತು. ಕಟ್ಟುವ ಮೊದಲು ನೋಡಿಕೊಂಡು ಬಾ ಅಂತ ನನ್ನನ್ನು ಕಳಿಸಿದರು.

ಮಂಡಿಪೇಟೆಯ ಹತ್ತಿರದ ಒಂದು ಆಫೀಸು. ಹೊರಗೆ ಹಮಾಲರು ಬಂಡಲ್ ಇಳಿಸುತ್ತಿದ್ದರು. ಒಳಗೆ ಐವತ್ತರ ಆಸುಪಾಸಿನ ಬುಕಿಂಗ್ ಕ್ಲರ್ಕ್, ಮುಂದೆ ಕಾರ್ಬನ್ ಹಾಕಿದ ಎಲ್‌ಆರ್ (ಲಾರಿ ರಸೀದಿ) ಪುಸ್ತಕ. ಒಬ್ಬ ಹುಡುಗ ಟಿವಿಎಸ್ ಎಕ್ಸೆಲ್‌ನಲ್ಲಿ ಎರಡು ಬಂಡಲ್ ತಂದು ಹಾಕಿ, "ಬರ್ಕಳ್ರಿ, ಸಾವ್ಕಾರ್ರು ಬಾಡಿಗಿ ನಾಳೆ ಕೊಡ್ತಾರಂತೆ" ಅಂತ ಗಾಡಿಯಿಂದ ಇಳಿಯದೇ ಹೇಳಿದ. ಕ್ಲರ್ಕ್ ತಲೆ ಎತ್ತಲೂ ಇಲ್ಲ, ಬರೆದುಕೊಂಡ. ಸ್ವಲ್ಪ ಹೊತ್ತಿಗೆ ಇನ್ನೊಬ್ಬರು ಬಂದರು. ಅವರು ‘ಟು ಪೇ’ ಹಾಕಿ ಅಂದರು, ಅಂದರೆ ಸರಕು ಬಿಡಿಸಿಕೊಳ್ಳುವವರು ಬಾಡಿಗೆ ಕೊಡುತ್ತಾರೆ ಅಂತ. ಕ್ಲರ್ಕ್ ಪೆನ್ನು ಕೆಳಗಿಟ್ಟ. "ಆ ಪಾರ್ಟಿಗೆ ಆಗಂಗಿಲ್ಲ, ಪೇಯ್ಡ್ ಮಾಡ್ರಿ." ಯಾಕೆ ಅಂತ ನಾನು ಆಮೇಲೆ ಕೇಳಿದೆ. ಹಿಂದೆ ಒಮ್ಮೆ ಆ ಪಾರ್ಟಿ ಸರಕನ್ನು ಗೋಡೌನಿನಲ್ಲೇ ಬಿಟ್ಟು ತಿಂಗಳುಗಟ್ಟಲೆ ಬಂದಿರಲಿಲ್ಲವಂತೆ. ಅದು ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ.

ನಮ್ಮ ಕಂಪನಿಯವರ ಮನಸ್ಸಿನಲ್ಲಿದ್ದ ಪ್ರಾಡಕ್ಟ್ ಇದೇ ಬುಕಿಂಗ್ ಮೇಜಿನದ್ದು. ಗಿರಾಕಿ ಫೋನಿನಲ್ಲೇ ಬುಕ್ ಮಾಡುತ್ತಾನೆ, ಬಾಡಿಗೆ ತಾನಾಗಿ ಲೆಕ್ಕವಾಗುತ್ತದೆ, ಎಸ್‌ಎಂಎಸ್ ಹೋಗುತ್ತದೆ. ಅದನ್ನು ಕ್ಲರ್ಕ್‌ಗೆ ವಿವರಿಸಿದೆ. ಆತ ತಾಳ್ಮೆಯಿಂದ ಕೇಳಿ, "ಸರ, ಚಲೋ ಐತಿ. ಬ್ಯಾಡ ಅನ್ನಲ್ಲ. ಎಂಟಕ್ಕೆ ಲಾರಿ ಬಿಡಬೇಕು ನಾವು. ಅದು ಗರಗರ ತಿರುಗ್ತಾ ಕುಂತ್ರೆ ಹಮಾಲರಿಗೆ ಏನ್ ಹೇಳ್ಲಿ?" ಅಂದ.

ಎಂಟೂವರೆಗೆ ಲಾರಿ ಹೊರಟಿತು. ಹಮಾಲರು ಬೀಡಿ ಹಚ್ಚಿದರು. ಇನ್ನು ಮನೆಗೆ ಹೋಗಬಹುದು ಅಂತ ನಾನು ಎದ್ದರೆ, ಕ್ಲರ್ಕ್ ಕುರ್ಚಿ ಎಳೆದುಕೊಂಡು ಎಲ್‌ಆರ್‌ಗಳ ಒಂದೊಂದು ಪ್ರತಿ ಜೋಡಿಸಿ, ಒಂದು ದೊಡ್ಡ ಹಾಳೆಯಲ್ಲಿ ಮತ್ತೆ ಬರೆಯತೊಡಗಿದ. ಯಾವ ಎಲ್‌ಆರ್, ಎಷ್ಟು ಬಂಡಲ್, ಯಾರಿಗೆ, ಟು ಪೇ ಎಷ್ಟು, ಪೇಯ್ಡ್ ಎಷ್ಟು. ಬರೆದು, ಕೂಡಿಸಿ, ಲೆಕ್ಕ ತಾಳೆಯಾಗದೆ ಮತ್ತೆ ಕೂಡಿಸಿ, ಆಮೇಲೆ ಹುಬ್ಬಳ್ಳಿ ಬ್ರಾಂಚಿಗೆ ಫೋನ್ ಹಚ್ಚಿ ಎಲ್ಲವನ್ನೂ ಓದಿ ಹೇಳಿದ. ಆಚೆ ಕಡೆಯವನು ಬರೆದುಕೊಳ್ಳುತ್ತಿದ್ದ. ನಡುವೆ ಲೈನ್ ಕಟ್. ಮತ್ತೆ ಮೊದಲಿಂದ. ಹತ್ತು ಗಂಟೆ ಆಯಿತು. "ದಿನಾ ಹಿಂಗೇನಾ?" ಅಂದೆ. "ಮತ್ತಿನ್ನೇನು" ಅಂದ. ಆ ಇಡೀ ದಿನದಲ್ಲಿ ಅವನ ದನಿಯಲ್ಲಿ ಬೇಸರ ಕಂಡಿದ್ದು ಅಲ್ಲಿ ಮಾತ್ರ.

ನಾವು ಕೊನೆಗೆ ಕಟ್ಟಿದ್ದು ಆ ಹಾಳೆಯನ್ನು. ಬುಕಿಂಗ್ ಅವನ ಕಾರ್ಬನ್ ಪುಸ್ತಕದಲ್ಲೇ ಇರಲಿ, ಟು ಪೇ ಯಾರಿಗೆ ಕೊಡಬೇಕು ಅನ್ನುವುದು ಅವನ ತಲೆಯಲ್ಲೇ ಇರಲಿ. ಲಾರಿ ಹೊರಟ ಮೇಲೆ ಎಲ್‌ಆರ್‌ಗಳನ್ನು ಒಮ್ಮೆ ಹಾಕಿದರೆ ಲೆಕ್ಕ ತಾಳೆಯಾಗಿ ಪಟ್ಟಿ ಹುಬ್ಬಳ್ಳಿಯ ಪ್ರಿಂಟರಿನಲ್ಲಿ ಬರಬೇಕು, ಅಷ್ಟೇ. ನಮ್ಮಲ್ಲಿ ಕೆಲವರಿಗೆ ಇದು ತೀರಾ ಸಪ್ಪೆ ಅನ್ನಿಸಿತು. "ಇದನ್ನ ಎಕ್ಸೆಲ್‌ನಲ್ಲೂ ಮಾಡ್ಬಹುದಲ್ಲ" ಅಂತ ಒಬ್ಬರು ಗೊಣಗಿದರು. ಮಾಡಬಹುದಿತ್ತು, ಯಾರೂ ಮಾಡಿರಲಿಲ್ಲ. ಆಮೇಲೆ ಅದು ಹಬ್ಬಿದ ರೀತಿ ನಾವು ಯಾರೂ ಊಹಿಸಿರಲಿಲ್ಲ. ಹುಬ್ಬಳ್ಳಿಯ ಗುಮಾಸ್ತನಿಗೆ ದಾವಣಗೆರೆಯ ಪಟ್ಟಿ ಅಚ್ಚಾಗಿ ಬರತೊಡಗಿತು. ಬಳ್ಳಾರಿಯದ್ದನ್ನು ಇನ್ನೂ ಫೋನಿನಲ್ಲಿ ಕೇಳಿ ಬರೆಯಬೇಕಿತ್ತು. ಅವನೇ ಬಳ್ಳಾರಿಯವರ ತಲೆ ತಿನ್ನತೊಡಗಿದ. ನಾವು ಮಾರಲು ಹೋಗುವ ಮೊದಲೇ ಬ್ರಾಂಚುಗಳಿಂದ ಕರೆ ಬರುತ್ತಿತ್ತು. ಮಾರ್ಕೆಟಿಂಗ್ ಅಂತ ನಾವು ಅಚ್ಚು ಹಾಕಿಸಿದ್ದ ಪಾಂಪ್ಲೆಟುಗಳು ಕಟ್ಟು ಬಿಚ್ಚದೆ ಉಳಿದವು. ಬಹಳ ದಿನದ ಮೇಲೆ ಕ್ಲರ್ಕ್ ತಾನಾಗಿಯೇ, "ಎಲ್‌ಆರ್ ಇದ್ರಾಗ ಹರಿಯಾಕ ಬರ್ತೈತೇನ್ರಿ?" ಅಂತ ಕೇಳಿದ. ಎರಡು ಸಲ ಬರೆಯುವುದು ಯಾಕೆ ಅಂತ ಅವನಿಗೇ ಅನ್ನಿಸಿತ್ತು.

ಇಲ್ಲೊಂದು ಮಾತು. ರಿಯಾಯಿತಿ ಕೊಟ್ಟು ಜನರನ್ನು ತರುವುದನ್ನೇ ಬೆಳವಣಿಗೆ ಅನ್ನುವವರ ಜೊತೆ ನನಗೆ ಯಾವತ್ತೂ ತಕರಾರು. ಮೊದಲ ಆರ್ಡರ್ ಅರ್ಧ ಬೆಲೆಗೆ ಸಿಕ್ಕರೆ ಯಾರು ಬರುವುದಿಲ್ಲ? ಶುರುವಿನಲ್ಲಿ ಫ್ಲಿಪ್‌ಕಾರ್ಟ್‌ನವರು ಗಂಗಾರಾಮ್ಸ್ ಪುಸ್ತಕದಂಗಡಿಯ ಮುಂದೆ ನಿಂತು ಬುಕ್‌ಮಾರ್ಕ್ ಹಂಚಿದ್ದರು. ಖರ್ಚಿಲ್ಲದ ಜಾಣತನ, ಪುಸ್ತಕ ಕೊಳ್ಳುವವರು ಎಲ್ಲಿ ಸಿಗುತ್ತಾರೋ ಅಲ್ಲೇ ಹೋಗಿದ್ದರು. ಆದರೆ ಅವರ ವ್ಯಾಪಾರ ಊರೂರಿಗೆ ಹಬ್ಬಿದ್ದು 2010ರಲ್ಲಿ ಕ್ಯಾಶ್ ಆನ್ ಡೆಲಿವರಿ ಬಂದ ಮೇಲೆ ಅಂತ ನನ್ನ ಲೆಕ್ಕ. ಕಾರ್ಡ್ ಇಲ್ಲದವರು, ಇದ್ದರೂ ನಂಬದವರು ಆಗ ಜಾಸ್ತಿ. ಸರಕು ಕೈಗೆ ಬಂದ ಮೇಲೆ ದುಡ್ಡು ಕೊಡಿ ಅಂದರೆ, ವಾಪಸ್ ಬರುವ ಪಾರ್ಸೆಲ್‌ಗಳ ನಷ್ಟ ಕಂಪನಿಯ ಮೇಲೆ. ಗಿರಾಕಿಯ ಭಯವನ್ನು ಅವರು ತಮ್ಮ ಲೆಕ್ಕಕ್ಕೆ ಬರೆದುಕೊಂಡರು.

ಚಾರ್ಟ್ ಕೈಗೆ ಬಂದ ಮೇಲೆ

ಇಷ್ಟಾದ ಮೇಲೆ ಶುರುವಾಗುವ ಇನ್ನೊಂದು ಪೇಚಿನ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ. ಮಾಲೀಕರ ಪುಸ್ತಕ ನಿಮ್ಮ ಕಂಪ್ಯೂಟರಿಗೆ ಬಂತು. ಪ್ರಯಾಣಿಕರು ನಿಮ್ಮ ಆಪ್ ಬಿಟ್ಟು ಬೇರೆ ಕಡೆ ನೋಡುವುದಿಲ್ಲ. ಈಗ ಯಜಮಾನರು ಯಾರು? ರೆಡ್‌ಬಸ್‌ನಲ್ಲಿ ಪ್ರಯಾಣಿಕರು ಬಸ್ಸಿಗೆ ನಕ್ಷತ್ರ ಕೊಡುತ್ತಾರೆ. ಸಮಯಕ್ಕೆ ಬಂತಾ, ಸಿಬ್ಬಂದಿ ಹೇಗೆ, ಬಸ್ಸು ಸ್ವಚ್ಛ ಇತ್ತಾ. ಪ್ರಯಾಣಿಕನಾಗಿ ನನಗೆ ಇದು ತುಂಬಾ ಇಷ್ಟ. ಹೊಸದಾಗಿ ಎರಡು ಬಸ್ಸು ಹಾಕಿದವನೂ ದೊಡ್ಡ ಹೆಸರಿನವರ ಪಕ್ಕದಲ್ಲೇ ಕಾಣಿಸುತ್ತಾನೆ, ಅದು ಮೊದಲು ಸಾಧ್ಯವೇ ಇರಲಿಲ್ಲ. ಮಾಲೀಕರಿಗೆ ಅದೇ ನಕ್ಷತ್ರ ತಲೆಯ ಮೇಲಿನ ಕತ್ತಿ. ಪಟ್ಟಿಯಲ್ಲಿ ಮೇಲೆ ಬರಬೇಕು, ಕಮಿಷನ್ನೂ ಕೊಡಬೇಕು. ಹಿಂದೆ ಏಜೆಂಟನಿಗೂ ಕೊಡುತ್ತಿದ್ದರು, ನಿಜ. ಆದರೆ ಏಜೆಂಟನನ್ನು ಬದಲಾಯಿಸಬಹುದಿತ್ತು.

ಬೆಂಗಳೂರಿನ ಆಟೊಗಳಲ್ಲಿ ಈ ಸಿಟ್ಟು ಬೀದಿಗೇ ಬಂತು. 2022ರ ಅಕ್ಟೋಬರ್‌ನಲ್ಲಿ ಸರ್ಕಾರದ ದರ ಮೊದಲ ಎರಡು ಕಿಲೋಮೀಟರಿಗೆ 30 ರೂಪಾಯಿ ಇದ್ದಾಗ ಆಪ್‌ಗಳಲ್ಲಿ ಕನಿಷ್ಠ ನೂರು ರೂಪಾಯಿ ತೆಗೆದುಕೊಳ್ಳುತ್ತಾರೆ ಅಂತ ದೂರು ಎದ್ದಿತು. ಸಾರಿಗೆ ಇಲಾಖೆ ಓಲಾ, ಊಬರ್, ರ‍್ಯಾಪಿಡೋ ಮೂವರಿಗೂ ಆಟೊ ಸೇವೆ ನಿಲ್ಲಿಸಿ ಅಂತ ನೋಟಿಸ್ ಕೊಟ್ಟಿತು. ಜನ ಡ್ರೈವರನ್ನು ಬೈಯುತ್ತಿದ್ದರು. ಡ್ರೈವರು ಆ ನೂರರಲ್ಲಿ ತನಗೆ ಎಷ್ಟು ಬಂತು ಅಂತ ತೋರಿಸುತ್ತಿದ್ದ. ಅದರ ಮರುತಿಂಗಳೇ ‘ನಮ್ಮ ಯಾತ್ರಿ’ ಬಂತು. ಜಸ್‌ಪೇ ಕಂಪನಿ ಕಟ್ಟಿದ ಆಪ್, ಜೊತೆಗೆ ನಿಂತದ್ದು ಬೆಂಗಳೂರಿನ ಆಟೊ ಚಾಲಕರ ಯೂನಿಯನ್. ಕಮಿಷನ್ ಸೊನ್ನೆ. ಮುಂದಿನ ವರ್ಷ ಡ್ರೈವರುಗಳಿಗೆ ದಿನಕ್ಕೆ 25 ರೂಪಾಯಿಯ ಶುಲ್ಕ ಇಟ್ಟರು. ಆಮೇಲೆ ಎಷ್ಟು ಬಾಡಿಗೆ ಹೊಡೆದರೂ ದುಡ್ಡೆಲ್ಲ ಅವರದ್ದೇ.

ಶುರುವಿನಲ್ಲಿ ಆ ಆಪ್ ಬಳಸಿದವರಿಗೆ ಅದರ ಒರಟುತನ ನೆನಪಿರಬೇಕು. ಮ್ಯಾಪ್ ಎಲ್ಲೋ ತೋರಿಸುವುದು, ಡ್ರೈವರ್ ಸಿಗುವವರೆಗೆ ಕಾಯುವುದು. ದೊಡ್ಡ ಆಪ್‌ಗಳ ಮುಂದೆ ಅದು ಚಂದವಾಗಿಯೇನೂ ಇರಲಿಲ್ಲ. ಆದರೂ ಬೆಳೆಯಿತು, ಯಾಕಂದರೆ ಡ್ರೈವರುಗಳೇ ಅದನ್ನು ಹಬ್ಬಿಸಿದರು. ಸೀಟಿನ ಹಿಂದೆ ಸ್ಟಿಕರ್ ಅಂಟಿಸಿಕೊಂಡು, "ಮುಂದಿನ್ ಸಲ ಇದ್ರಲ್ಲೇ ಬುಕ್ ಮಾಡಿ ಸಾರ್" ಅಂತ ಹೇಳುತ್ತಿದ್ದರು. ಹುಬ್ಬಳ್ಳಿಯ ಗುಮಾಸ್ತ ಬಳ್ಳಾರಿಯವರ ತಲೆ ತಿಂದ ಹಾಗೆಯೇ. ಕೊನೆಗೆ ಬೇರೆಯವರೂ ಬದಲಾಗಬೇಕಾಯಿತು. 2025ರ ಫೆಬ್ರವರಿಯಲ್ಲಿ ಊಬರ್ ಕೂಡ ಆಟೊ ಮಟ್ಟಿಗೆ ಕಮಿಷನ್ ಬಿಟ್ಟು ಶುಲ್ಕದ ಪದ್ಧತಿಗೆ ಬಂತು.

ಹಾಗಾದರೆ ಸರಿಹೋಯಿತಾ? ನನಗೆ ಇನ್ನೂ ಹಾಗನ್ನಿಸಿಲ್ಲ. ಕಮಿಷನ್ ಇಲ್ಲ ಅಂದ ಮೇಲೆ ಒಂದೊಂದು ಪ್ರಯಾಣದ ಹೊಣೆ ಆಪ್‌ನವರದ್ದೂ ಅಲ್ಲ ಅನ್ನುವಂತಾಗಿದೆ. ದುಡ್ಡು ನೇರ ಡ್ರೈವರಿಗೆ ಹೋಗುತ್ತದೆ, ಸ್ಕ್ರೀನಿನಲ್ಲಿ ಕಾಣುವುದು ಬರೀ ಸೂಚನೆಯ ದರ. ಡ್ರೈವರಿನ ದಿನ ಸುಧಾರಿಸಿತು, ನನ್ನ ಸಂಜೆ ಹಳೆಯ ಕಾಲಕ್ಕೆ ಹೋಯಿತು. ಕಳೆದ ವಾರ ಜಯನಗರದಿಂದ ಬುಕ್ ಮಾಡಿದೆ. ಆಟೊ ಬಂತು, ಒಟಿಪಿ ಹೇಳಿದೆ, ಡ್ರೈವರ್ ಅದನ್ನು ಒತ್ತದೆ ನನ್ನ ಕಡೆ ತಿರುಗಿದ.

"ಎಷ್ಟು ತೋರಿಸ್ತಿದೆ ಸಾರ್?"

"ನೂರ ಹತ್ತು."

"ಮೇಲೆ ಮೂವತ್ತು ಕೊಟ್ಬಿಡಿ, ಮಳೆ ಬೇರೆ ಬರ್ತಿದೆ."

ಇಪ್ಪತ್ತಕ್ಕೆ ಒಪ್ಪಿಸಿದೆ. ದಾರಿಯುದ್ದಕ್ಕೂ ಆತ ಆಪ್‌ಗಳ ಬಗ್ಗೆಯೇ ಮಾತಾಡಿದ. ಮೂರು ಆಪ್ ಹಾಕಿಕೊಂಡಿದ್ದಾನಂತೆ, ಮೂರಕ್ಕೂ ದಿನದ ಶುಲ್ಕ ಕಟ್ಟುತ್ತಾನಂತೆ, ಬಾಡಿಗೆ ಕಮ್ಮಿ ಇರುವ ದಿನ ಅದೇ ಭಾರವಂತೆ. "ಒಂದೇ ದುಡ್ಡಲ್ಲಿ ಮೂರೂ ಬರೋ ಥರ ಏನಾದ್ರೂ ಮಾಡಕ್ಕಾಗುತ್ತಾ ಸಾರ್? ನೀವು ಕಂಪ್ಯೂಟರ್ನೋರಲ್ವಾ" ಅಂತ ಕೇಳಿದ. ಯಾವ ಟೈಮಲ್ಲಿ ಯಾವ ಆಪ್‌ನಲ್ಲಿ ಬಾಡಿಗೆ ಜಾಸ್ತಿ ಬೀಳುತ್ತೆ ಅಂತ ನಾನು ತಿರುಗಿ ಕೇಳಿದೆ. ಬನಶಂಕರಿ ಬರುವವರೆಗೂ ಹೇಳುತ್ತಲೇ ಇದ್ದ.